ಹೆಬ್ಬೆರಳಿನ ಹಿಂದಿನ ಕೋಣೆ

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಹಳೇ ಟೈರು ಗುಡ್ಡೆ ಹಾಕಿರುವ ಜಾಗಕ್ಕೂ ಕ್ಯಾಂಟೀನಿನವರು ಪಾತ್ರೆ ತೊಳೆಯುವ ಕಟ್ಟೆಗೂ ನಡುವೆ ಒಂದು ಕೋಣೆಯಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಒಂಟಿ ಚಪ್ಪಲಿ ಬಿಟ್ಟುಹೋದವರು ಮನೆ ಸೇರಿದ್ದಾದರೂ ಹೇಗೆ ಎಂಬುದು ಆ ಕಚೇರಿಗೆ ಇದುವರೆಗೂ ಬಗೆಹರಿಯದ ಸಮಸ್ಯೆ. ಕೋಣೆಯ ಏಕಮಾತ್ರ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಬೇರೇನೋ ಇತ್ತು. ಡಿಪೋದವರೂ ಬೀದಿಯವರೂ ಕರೆಯುತ್ತಿದ್ದದ್ದು ಮಾತ್ರ ಗೊತ್ತಣ್ಣ ಎಂದು. ಯಾರು ಯಾವ ವಿಷಯ ಎತ್ತಿದರೂ ಅರ್ಧ ಕೇಳುವಷ್ಟರಲ್ಲಿ "ಗೊತ್ತು ಬಿಡಿ" ಎಂದು ಕೈಯಾಡಿಸಿಬಿಡುವುದು ಅವನ ರೂಢಿ. ಮದುವೆ ಮಾತುಕತೆಯಲ್ಲಿ ಹುಡುಗಿ ಏನು ಓದಿದ್ದಾಳೆಂದು ಮಾವ ಹೇಳಹೊರಟಾಗಲೂ ಹಾಗೇ ಅಂದಿದ್ದನಂತೆ. ಹೆಂಡತಿ ತನಗಿಂತ ಹೆಚ್ಚು ಓದಿದವಳೆಂಬ ಸುದ್ದಿ ಅವನಿಗೆ ತಲುಪುವ ಹೊತ್ತಿಗೆ ಮದುವೆಯ ಊಟವೂ ಮುಗಿದಿತ್ತು.

ಈ ರೂಢಿಯಿಂದ ಅನಾಹುತಗಳೂ ಆಗಿದ್ದವು. ಒಮ್ಮೆ ಯಾರದೋ ಹಾರ್ಮೋನಿಯಂ ಪೆಟ್ಟಿಗೆಯನ್ನು "ಗೊತ್ತು ಬಿಡಿ, ಇದು ನಿಮ್ಮದೇ" ಎಂದು ಹೊಲಿಗೆ ಯಂತ್ರ ಕಳೆದುಕೊಂಡವನ ತಲೆಗೆ ಕಟ್ಟಿ ಕಳಿಸಿದ್ದ. ಅಂದಿನಿಂದ ಡಿಪೋ ಮ್ಯಾನೇಜರು ಎದುರಾದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಇನ್ನೊಂದು ದೂರು ಬರಲಿ, ನಿಮ್ಮನ್ನ ಬಸ್ ತೊಳೆಯೋ ಶೆಡ್ಡಿಗೆ ಹಾಕ್ತೀನಿ."

ಹೀಗಿರುವಾಗ ಒಂದು ಸೋಮವಾರ ಕಂಡಕ್ಟರೊಬ್ಬ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದರೆ ಒಳಗೆ ಎರಡಂತಸ್ತಿನ ಪುಟ್ಟ ಕಟ್ಟಡ! ಒಂದರ ಮೇಲೊಂದು ಒತ್ತಿ ಕೂರಿಸುವ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳಿಂದ ಕಟ್ಟಿದ್ದು. ಬಾಗಿಲಿಗೆ ಹಿಡಿ, ಕಿಟಕಿಗೆ ಗಾಜು, ಮುಂದೆ ಹಸಿರು ಹುಲ್ಲಿನ ಹಲಗೆ. ಸಿಕ್ಕಿದ ಸಾಮಾನಿನ ಫೋಟೋ ತೆಗೆದಿಡಬೇಕೆಂಬ ನಿಯಮದಂತೆ ಕಂಡಕ್ಟರು ಫೋನಿನಲ್ಲಿ ಒಂದು ಫೋಟೋ ಹೊಡೆದು ಗೊತ್ತಣ್ಣನಿಗೆ ಕಳಿಸಿ ಹೊರಟುಹೋದ. ಫೋಟೋ ಚೆನ್ನಾಗಿಯೇ ಬಂದಿತ್ತು. ಕಟ್ಟಡದ ಬಲಗಡೆಯ ಮೂಲೆ ಇರಬೇಕಾದಲ್ಲಿ ಕಂಡಕ್ಟರನ ಹೆಬ್ಬೆರಳು ಬಿದ್ದಿತ್ತು, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಹೆಂಗಸಿನ ದನಿ.

"ಬಸ್ಸಲ್ಲಿ ಒಂದು ಪೆಟ್ಟಿಗೆ ಬಿಟ್ಟುಬಿಟ್ಟೆ ಸರ್. ಅದರಲ್ಲಿರೋದು ಏನಂದ್ರೆ..."

"ಗೊತ್ತು ಬಿಡಿ ಮೇಡಂ. ಮನೆ."

"ಮನೆ ಅಲ್ಲ ಸರ್, ಅದು ನನ್ನ..."

"ಗೊತ್ತು ಬಿಡಿ. ನೀವೇ ಕಷ್ಟಪಟ್ಟು ಕಟ್ಟಿದ್ದು. ಭದ್ರವಾಗಿದೆ."

"ಶನಿವಾರ ಬಂದು ತಗೋತೀನಿ. ಆದ್ರೆ ಯಾವುದೇ ಕಾರಣಕ್ಕೂ ಅದರ ಚಾವಣಿ ಹಿಡಿದು..."

"ಗೊತ್ತು ಬಿಡಿ ಮೇಡಂ!" ಎಂದು ಫೋನಿಟ್ಟ ಗೊತ್ತಣ್ಣ, ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸುವ ಮೊದಲು ಕ್ಯಾಂಟೀನಿನವನಿಗೆ ಒಮ್ಮೆ ತೋರಿಸೋಣವೆಂದು, ಚಾವಣಿ ಹಿಡಿದು ಎತ್ತಿದ.

ಚಾವಣಿ ಬಂತು. ಉಳಿದದ್ದು ಬರಲಿಲ್ಲ. ಅದು ಮೇಜಿನ ಅಂಚಿಗೆ ಬಡಿದು, ನೆಲಕ್ಕೆ ಬಿದ್ದು, ಕೊಡೆಗಳ ನಡುವೆ, ಚಪ್ಪಲಿಗಳ ಒಳಗೆ, ಕಪಾಟಿನ ಕೆಳಗೆ ಚೆಲ್ಲಾಪಿಲ್ಲಿಯಾಗಿ ಹರಡಿಕೊಂಡಿತು. ಚಹಾ ಲೋಟ ಹಿಡಿದು ಬಂದ ಕ್ಯಾಂಟೀನಿನವನು ಬಾಗಿಲಲ್ಲೇ ನಿಂತು, "ಏನು ತೋರಿಸ್ತೀನಿ ಅಂದ್ರಿ?" ಎಂದು ಕೇಳಿದ.

"ಚಾವಣಿ" ಅಂದ ಗೊತ್ತಣ್ಣ.

ಸಂಜೆ ಅವನು ತುಂಡುಗಳನ್ನೆಲ್ಲ ಗುಡಿಸಿ ಪೆಟ್ಟಿಗೆಗೆ ತುಂಬಿ, ಕಚೇರಿಯ ನಿಯಮ ಮೀರಿ ಮನೆಗೆ ಹೊತ್ತು ತಂದ. ಬಾಡಿಗೆ ಮನೆ. ಕೆಳಗೆ ಓನರಮ್ಮ, ಮಾಳಿಗೆಯ ಮೇಲೆ ಗೊತ್ತಣ್ಣನ ಸಂಸಾರ. ಹೆಂಡತಿ ಬೀದಿಯವರ ಬಟ್ಟೆ ಹೊಲಿದುಕೊಡುವವಳು. ವಿಷಯ ಕೇಳಿ ಆಕೆ ಕೂಗಾಡಲಿಲ್ಲ. ಗುಂಡಿಗಳ ಡಬ್ಬಿಗಳನ್ನೆಲ್ಲ ಖಾಲಿ ಮಾಡಿ, ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, "ಮೊದಲು ವಿಂಗಡಿಸೋಣ. ಬಿಳಿಯದು ಇಲ್ಲಿ, ಕಿಟಕಿ ಇಲ್ಲಿ, ತಲೆ ಮೇಲೆ ಗುಬುಟು ಇಲ್ಲದ ನುಣ್ಣನೆಯವು ಇಲ್ಲಿ. ಗೊತ್ತಾಗದೇ ಇದ್ದದ್ದನ್ನೆಲ್ಲ ಆ ದೊಡ್ಡ ಡಬ್ಬಿಗೆ ಹಾಕಿ" ಅಂದಳು.

ಗೊತ್ತಣ್ಣ ದೊಡ್ಡ ಡಬ್ಬಿಗೆ ಒಂದನ್ನೂ ಹಾಕಲಿಲ್ಲ. ಅವನಿಗೆ ಗೊತ್ತಿಲ್ಲದ ತುಂಡು ಎಂದರೇನು?

ಫೋನಿನ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಇಬ್ಬರೂ ಕೂತರು. ಕಿಟಕಿಯ ಮೇಲಿನ ಸಜ್ಜಾ ಗೋಡೆಗೆ ಅಂಟಿಕೊಂಡಿದ್ದು ಹೇಗೆಂಬುದೇ ಮೊದಲ ದಿನದ ಚರ್ಚೆ. ಇಟ್ಟಿಗೆಯ ಗುಬುಟು ಇರುವುದು ತಲೆಯ ಮೇಲೆ, ಆದರೆ ಈ ಸಜ್ಜಾ ಪಕ್ಕದಲ್ಲಿ ಹಿಡಿದುಕೊಂಡಿದೆ! ಕೊನೆಗೆ ಹೊಟ್ಟೆಯ ಮೇಲೂ ಗುಬುಟಿರುವ ವಿಚಿತ್ರ ಇಟ್ಟಿಗೆಯೊಂದನ್ನು ಹೆಂಡತಿಯೇ ಹುಡುಕಿ ತೆಗೆದಳು. ಅದನ್ನು ಗೋಡೆಯಲ್ಲಿ ಕೂರಿಸಿ, ಅದರ ಹೊಟ್ಟೆಗೆ ಸಜ್ಜಾ ಒತ್ತಿದಳು. ಟಕ್ಕನೆ ಕೂತಿತು.

"ನನಗೆ ಮೊದಲೇ ಗೊತ್ತಿತ್ತು. ನಿನಗೆ ಹೊಳೆಯುತ್ತಾ ಅಂತ ನೋಡ್ತಿದ್ದೆ" ಅಂದ ಗೊತ್ತಣ್ಣ.

"ಸರಿ. ಹಾಗಾದ್ರೆ ಇದೇನು ಹೇಳಿ?" ಆಕೆ ಫೋಟೋದ ಕಿಟಕಿಯೊಳಗೆ ಕಾಣುತ್ತಿದ್ದುದನ್ನು ತೋರಿಸಿದಳು. "ಬಾಗಿದ ಹಲಗೆ. ತಲೆ ಹತ್ರ ಕೊಕ್ಕೆ ಥರ ಒಂದು ಕಡ್ಡಿ. ಪಕ್ಕದಲ್ಲಿ ಪುಟ್ಟ ಬಟ್ಟಲು. ಇಂಥವು ಮೂರಿವೆ."

"ಅಷ್ಟೂ ಗೊತ್ತಾಗಲ್ವೇನೇ? ಸ್ನಾನದ ತೊಟ್ಟಿ. ಕೊಕ್ಕೆ ಅಂದ್ರೆ ಶವರ್ರು. ಬಟ್ಟಲು ಸೋಪಿಗೆ."

"ಮೂರು ತೊಟ್ಟೀನ ಹಾಲಿನಲ್ಲಿ ಸಾಲಾಗಿ ಇಡ್ತಾರಾ?"

"ದೊಡ್ಡ ಸಂಸಾರ. ಬೆಳಿಗ್ಗೆ ಎಲ್ರಿಗೂ ಒಟ್ಟಿಗೆ ಅರ್ಜೆಂಟು."

"ಮತ್ತೆ ಚಾವಣಿ ಮೇಲೆ ನಿಂತಿರೋ ಈ ಬಿಳೀದು? ಮೇಲೆ ದಪ್ಪ, ಕೆಳಗೆ ಎರಡು ಕಾಲು?"

"ನೀರಿನ ಟ್ಯಾಂಕು. ಆದ್ರೆ ಕಟ್ಟಿದವರಿಗೆ ಬುದ್ಧಿ ಇಲ್ಲ, ತಲೆಕೆಳಗಾಗಿ ಇಟ್ಟಿದ್ದಾರೆ. ಆ ಎರಡು ನೀರು ತುಂಬೋ ಕೊಳವೆ, ಮೇಲೆ ಬರಬೇಕು. ನಾನು ಸರಿ ಮಾಡಿಡ್ತೀನಿ."

ಗೋಡೆ ಮಾತ್ರ ನಿಲ್ಲಲೊಲ್ಲದು. ಎರಡನೇ ಅಂತಸ್ತಿಗೆ ಬರುವಷ್ಟರಲ್ಲಿ ಮೂಲೆ ಬಾಯಿ ಬಿಡುವುದು, ಗೊತ್ತಣ್ಣ ಸೀನಿದರೆ ಇಡೀ ಗೋಡೆ ಮಕಾಡೆ ಮಲಗುವುದು. ಮರುದಿನ ಬೆಳಿಗ್ಗೆ ಅವನು ಎದುರು ಸಾಲಿನಲ್ಲಿ ಕಾಂಪೌಂಡು ಕಟ್ಟುತ್ತಿದ್ದ ಮೇಸ್ತ್ರಿಯ ಬಳಿ ಹೋಗಿ ನಿಂತ. ನಿಜ ಹೇಳುವಂತಿರಲಿಲ್ಲ. ಮೇಸ್ತ್ರಿಯ ಅಳಿಯ ಅದೇ ಡಿಪೋದಲ್ಲಿ ಡ್ರೈವರು. ಇಲ್ಲಿ ಬಿಟ್ಟ ಮಾತು ಮಧ್ಯಾಹ್ನಕ್ಕೆ ಮ್ಯಾನೇಜರ ಕಿವಿ ಸೇರುವುದು ಖಂಡಿತ.

"ಮೇಸ್ತ್ರಿ, ಎರಡನೇ ಅಂತಸ್ತಿಗೆ ಹೋದ ಹಾಗೆ ಮೂಲೆ ಬಾಯಿ ಬಿಡುತ್ತಲ್ಲ, ಯಾಕೆ?"

"ಸಂದಿನ ಮೇಲೆ ಸಂದು ಬಂದಿರಬೇಕು ಸರ್. ಇಟ್ಟಿಗೇನ ಸಂದು ತಪ್ಪಿಸಿ ಕೂರಿಸಬೇಕು. ಮೂಲೇಲಿ ಒಂದು ಸಾಲು ಈ ಗೋಡೇದು, ಮುಂದಿನ ಸಾಲು ಆ ಗೋಡೇದು, ಬೆರಳು ಹೆಣೆದ ಹಾಗೆ. ಯಾರ ಮನೆ ಸರ್?"

"ನಾನೇ ಕಟ್ತಾ ಇದ್ದೀನಿ ಅಂತ ಇಟ್ಕೋ."

ಮೇಸ್ತ್ರಿ ಕರಣೆ ಕೆಳಗಿಟ್ಟ. "ಸಿಮೆಂಟು, ಮರಳು ಎಷ್ಟಕ್ಕೆ ಎಷ್ಟು ಕಲಸಿದ್ರಿ?"

"ಸಿಮೆಂಟೇ ಹಾಕಲ್ಲ. ಒಂದರೊಳಗೊಂದು ಕೂತ್ಕೊಳ್ಳೋ ಇಟ್ಟಿಗೆ. ಹೊಸ ಥರದ್ದು."

"ಅಡಿಪಾಯ?"

"ಅದು ರೆಡಿಯಾಗೇ ಬಂದಿದೆ. ಹಸಿರು ಬಣ್ಣದ್ದು."

"ಎಷ್ಟು ಆಳು?"

"ನಾನು, ನನ್ನ ಹೆಂಡ್ತಿ. ಶನಿವಾರದೊಳಗೆ ಮುಗಿಸಬೇಕು."

ಮೇಸ್ತ್ರಿ ತನ್ನ ವೃತ್ತಿಜೀವನದಲ್ಲಿ ಇಂಥದ್ದನ್ನು ಕೇಳಿದ್ದು ಅದೇ ಮೊದಲು. ಗಂಡ ಹೆಂಡತಿ ಇಬ್ಬರೇ, ಸಿಮೆಂಟಿಲ್ಲದೆ, ವಾರದೊಳಗೆ ಎರಡಂತಸ್ತು! ಅವನು ಕೈ ತೊಳೆದುಕೊಂಡು ನೇರ ಓನರಮ್ಮನ ಬಾಗಿಲಿಗೆ ಹೋದ.

ಓನರಮ್ಮ ಹಿಂದಿನ ರಾತ್ರಿಯೇ ಮೆಟ್ಟಿಲ ಕೆಳಗೆ ನಿಂತು ಮೇಲಿನವರ ಮಾತು ಕೇಳಿಸಿಕೊಂಡು ಅರ್ಧ ಸತ್ತಿದ್ದರು. ಅವರ ಕಿವಿಗೆ ಬಿದ್ದದ್ದು ಇಷ್ಟು: ಮೂರು ತೊಟ್ಟಿ, ಹಾಲಿನಲ್ಲಿ, ಸ್ನಾನ. ಮೇಸ್ತ್ರಿ ಬಂದು ಎರಡಂತಸ್ತಿನ ಸುದ್ದಿಯನ್ನೂ ಸೇರಿಸಿದ ಮೇಲೆ ಚಿತ್ರ ಪೂರ್ತಿಯಾಯಿತು.

"ನೋಡಿದ್ಯಾ ಮೇಸ್ತ್ರಿ! ನಲ್ಲಿ ಸೋರುತ್ತೆ ಅಂತ ನನ್ನ ಹತ್ರ ದಿನಾ ಗೋಳಾಡ್ತಾರೆ. ಅಲ್ಲಿ ನೋಡಿದ್ರೆ ಸ್ವಂತ ಬಂಗಲೆ ಕಟ್ಟಿಸ್ಕೊಂಡು ಹಾಲಿನಲ್ಲಿ ಸ್ನಾನ ಮಾಡ್ತಾರಂತೆ ಹಾಲಿನಲ್ಲಿ!"

ಸುದ್ದಿ ಬೀದಿಯ ಆ ತುದಿ ಮುಟ್ಟಿ ಈ ತುದಿಗೆ ವಾಪಸು ಬರುವಾಗ ಇನ್ನಷ್ಟು ಮೈ ತುಂಬಿಕೊಂಡಿತ್ತು. ಕಿರಾಣಿ ಅಂಗಡಿಯವನು ಗೊತ್ತಣ್ಣನನ್ನು ಕಂಡೊಡನೆ ಸ್ಟೂಲು ಒರೆಸಿ ಮುಂದಿಟ್ಟ. ಇಸ್ತ್ರಿಯವನು ಅಂಗಿಯ ಕಾಲರಿಗೆ ಎಂದೂ ಇಲ್ಲದ ಗಂಜಿ ಹಾಕಿದ. ಹಾಲಿನವನು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಣ್ಣು ಒದ್ದೆ ಮಾಡಿಕೊಂಡು, "ಸ್ವಾಮಿ, ಇಷ್ಟು ವರ್ಷದಿಂದ ಅರ್ಧ ಲೀಟರ್ ಹಾಕ್ತಿದ್ದೀನಿ. ಹೊಸ ಮನೆಗೆ ಹೋದ ಮೇಲೆ ಮೂರು ತೊಟ್ಟಿಗೂ ನನ್ನ ಹತ್ರಾನೇ ತಗೋಬೇಕು. ಹಸು ಬೇಕಾದ್ರೆ ಜಾಸ್ತಿ ಕೊಂಡ್ಕೋತೀನಿ" ಅಂದ.

ಗೊತ್ತಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಅವನು ಅಂದದ್ದು ಅದೇ: "ಗೊತ್ತು ಬಿಡಪ್ಪ."

"ಏನ್ರೀ ಗೊತ್ತು?" ಎಂದು ಹೆಂಡತಿ ಒಳಗೆಳೆದುಕೊಂಡಳು. "ನಾವು ಮನೆ ಕಟ್ತಿದ್ದೀವಿ ಅಂತ ಬೀದಿಯೆಲ್ಲ ಮಾತಾಡ್ತಿದೆ. ನಿಜ ಹೇಳಿಬಿಡಿ."

"ಹೇಳಿದ್ರೆ ಶೆಡ್ಡಿಗೆ ಹೋಗಬೇಕಾಗುತ್ತೆ. ಶನಿವಾರ ಆ ಮೇಡಂ ಬಂದು ಪೆಟ್ಟಿಗೆ ತಗೊಂಡು ಹೋಗ್ಲಿ, ಆಮೇಲೆ ಎಲ್ಲ ತಾನಾಗೇ ತಣ್ಣಗಾಗುತ್ತೆ." ಇದು ಅವನು ಬಾಯಲ್ಲಿ ಹೇಳಿದ ಕಾರಣ. ಹೇಳದ ಕಾರಣ ಏನೆಂದರೆ, ಆ ಸ್ಟೂಲಿನ ಮೇಲೆ ಕೂತಾಗ ಬಹಳ ಹಿತವಾಗಿತ್ತು.

ಗುರುವಾರ ಹೆಂಡತಿಯ ತಮ್ಮ ಬಂದಿಳಿದ. ಕೆಲಸವೊಂದನ್ನು ಬಿಟ್ಟು ಮತ್ತೆಲ್ಲದರ ಬಗ್ಗೆಯೂ ಆಸಕ್ತಿಯಿದ್ದ ಮನುಷ್ಯ. ಅವನ ಹಿಂದೆ ಎರಡು ಸೂಟ್‌ಕೇಸು, ಒಂದು ಸುರುಳಿ ಸುತ್ತಿದ ಹಾಸಿಗೆ.

"ಭಾವ, ಮನೆ ಕಟ್ತಿದ್ದೀರಂತೆ, ಒಂದು ಮಾತು ಹೇಳೋದಲ್ವಾ? ನನಗೆ ದೊಡ್ಡ ಕೋಣೆ ಬೇಡ. ಬಲಗಡೆ ಮೂಲೇಲಿ ಗಾಳಿ ಬೆಳಕು ಬರೋ ಒಂದು ಕೋಣೆ ಸಾಕು."

ಹೆಂಡತಿ ಅವನ ಕಿವಿ ಹಿಡಿದು ಊಟದ ಮೇಜಿನ ಬಳಿ ಕರೆದೊಯ್ದು ಕಟ್ಟಡ ತೋರಿಸಿದಳು. ಬಾಯಿಬಿಟ್ಟರೆ ಜೋಕೆ ಎಂದೂ ಹೇಳಿದಳು. ತಮ್ಮ ಅದರ ಸುತ್ತ ಎರಡು ಸುತ್ತು ಬಂದ. ಬೇಸರವೇನೂ ಮಾಡಿಕೊಳ್ಳಲಿಲ್ಲ. ಬಲಮೂಲೆಯನ್ನು ಮುಟ್ಟಿ, "ಇಲ್ಲೇನು ಖಾಲಿ ಬಿಟ್ಟಿದ್ದೀರಲ್ಲ?" ಎಂದು ಕೇಳಿದ.

ನಿಜಕ್ಕೂ ದೊಡ್ಡ ತೊಡಕು ಅದೇ ಆಗಿತ್ತು. ಮೇಸ್ತ್ರಿಯ ಮಾತಿನಂತೆ ಸಂದು ತಪ್ಪಿಸಿ ಕೂರಿಸಿದ ಮೇಲೆ ಗೋಡೆಗಳು ನಿಂತಿದ್ದವು. ಫೋಟೋದಲ್ಲಿ ಕಂಡದ್ದನ್ನೆಲ್ಲ ಕಟ್ಟಿಯಾಗಿತ್ತು. ಆದರೂ ಒಂದು ಹಿಡಿ ತುಂಡುಗಳು ಉಳಿದಿದ್ದವು. ಅವೆಲ್ಲ ಕಂಡಕ್ಟರನ ಹೆಬ್ಬೆರಳಿನ ಹಿಂದೆ ಇದ್ದಿರಲೇಬೇಕು. ಅಲ್ಲೇನಿತ್ತು?

"ಮೆಟ್ಟಿಲು" ಅಂದಳು ಹೆಂಡತಿ.

"ನನ್ನ ಕೋಣೆ" ಅಂದ ತಮ್ಮ.

ಗೊತ್ತಣ್ಣ ಫೋಟೋದ ಹೆಬ್ಬೆರಳನ್ನೇ ಬಹಳ ಹೊತ್ತು ದಿಟ್ಟಿಸಿದ. ಉಗುರಿನ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಕಂಡಂತಾಯಿತು. "ಗೊತ್ತಾಯ್ತು. ಇದು ಹೂವಿನ ಕುಂಡ. ಕುಂಡ ಇದ್ದಲ್ಲಿ ಕಿಟಕಿ ಇರುತ್ತೆ, ಕಿಟಕಿ ಇದ್ದಲ್ಲಿ ಕೋಣೆ ಇರುತ್ತೆ." ಹೀಗೆ ಬಲಮೂಲೆಯಲ್ಲಿ ಕಿಟಕಿ, ಕೆಂಪು ಹೂವು, ಗೋಡೆಗುಂಟ ಸಾಲು ಬೆಂಚುಗಳಿರುವ ಚೆಂದದ ಕೋಣೆಯೊಂದು ಎದ್ದಿತು. ಉಳಿದ ತುಂಡುಗಳೆಲ್ಲ ಖರ್ಚಾದವು. ಆ ಕೆಂಪು ಚುಕ್ಕೆ ಟಿಕೆಟಿನ ಶಾಯಿ ಎಂದು ಹೆಂಡತಿಗೆ ಅನುಮಾನವಿತ್ತು. ಆದರೆ ಕೋಣೆ ಅವಳಿಗೂ ಇಷ್ಟವಾಗಿತ್ತು, ಸುಮ್ಮನಾದಳು.

ಶುಕ್ರವಾರ ಓನರಮ್ಮ ಮೆಟ್ಟಿಲ ಬಳಿ ಗೊತ್ತಣ್ಣನನ್ನು ತಡೆದರು.

"ನಿಮ್ಮ ವಿಷಯ ನನಗೆ ಎಲ್ಲಾ ತಿಳೀತು."

ಗೊತ್ತಣ್ಣ ಕೈ ಮುಗಿದ. "ಮ್ಯಾನೇಜರಿಗೆ ಹೇಳಬೇಡಿ ಅಮ್ಮ."

"ನಾನ್ಯಾಕೆ ಹೇಳ್ಲಿ? ನಿಮ್ಮ ಪಾಡಿಗೆ ನೀವು ಸುಖವಾಗಿರಿ. ನಾಳೆ ಬೆಳಿಗ್ಗೆ ಒಬ್ಬರು ಬರ್ತಾರೆ, ಮೇಲಿನ ಮನೆ ನೋಡೋದಕ್ಕೆ. ತಿಂಗಳ ಕೊನೆಗೆ ನೀವು ಬಿಟ್ಟುಕೊಡ್ತೀರಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ."

"ಗೊತ್ತು ಬಿ..." ಎಂದವನು ಅಲ್ಲೇ ನಿಂತ. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮಾತು ಅವನ ಬಾಯಲ್ಲಿ ಪೂರ್ತಿಯಾಗಲಿಲ್ಲ. ಅಷ್ಟರಲ್ಲಿ ಓನರಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಾಗಿತ್ತು.

ಆ ಸಂಜೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ತಮ್ಮನೊಬ್ಬ ಎರಡು ಸಲ ಬಡಿಸಿಕೊಂಡ. "ಆಟದ ಮನೆ ಕಟ್ಟೋಕೆ ಹೋಗಿ ಇರೋ ಮನೆ ಕಳ್ಕೊಂಡ್ರಿ" ಅಂದಳು ಹೆಂಡತಿ. ಆ ಮಾತು ಮಾತ್ರ ಗೊತ್ತಣ್ಣನಿಗೆ ಚೆನ್ನಾಗಿ ಗೊತ್ತಾಗಿತ್ತು.

ಶನಿವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ, ಕಟ್ಟಡಕ್ಕೆ ಕೊನೆಯ ಬಾರಿ ಬ್ರಷ್ಷಿನಿಂದ ಧೂಳು ಹೊಡೆಯುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಬೀದಿಯ ಸುದ್ದಿ ಕೇಳಿ ಅಳತೆ ಟೇಪು ಹಿಡಿದು ಬಂದ ನಗರಸಭೆಯ ಕಟ್ಟಡ ಇನ್‌ಸ್ಪೆಕ್ಟರು, ಅವರ ಹಿಂದೆ ಕೈಕಟ್ಟಿಕೊಂಡ ಮೇಸ್ತ್ರಿ.

"ಸಿಮೆಂಟಿಲ್ಲದೆ ಎರಡಂತಸ್ತು ಎಬ್ಬಿಸಿದ್ದು ನೀವೇನಾ? ಪರವಾನಗಿ ಎಲ್ಲಿ? ಕಟ್ಟಡ ಎಲ್ಲಿದೆ ಮೊದಲು ತೋರಿಸಿ."

ಗೊತ್ತಣ್ಣ ಊಟದ ಮೇಜಿನ ಕಡೆ ಕೈ ತೋರಿಸಿದ. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು. ಆದರೆ ತಪಾಸಣೆಗೆಂದು ಹೊರಟ ಅಧಿಕಾರಿ ತಪಾಸಣೆ ಮಾಡದೆ ಹಿಂದಿರುಗುವುದುಂಟೇ? ಟೇಪು ಬಿಚ್ಚಿ ಹುಲ್ಲಿನ ಹಲಗೆಯನ್ನು ಅಳೆದು, "ಮುಂದೆ ರಸ್ತೆಗೆ ಬಿಡಬೇಕಾದ ಜಾಗ ಬಿಟ್ಟಿಲ್ಲ" ಅಂದರು.

"ಮೂಲೆ ನೋಡಿ ಸರ್, ಎಷ್ಟು ಚೆನ್ನಾಗಿ ಹೆಣೆದಿದ್ದಾರೆ" ಅಂದ ಮೇಸ್ತ್ರಿ. ಕಟ್ಟಡ ಮೊಣಕಾಲುದ್ದವೂ ಇಲ್ಲವೆಂಬುದು ಅವನಿಗೆ ಅಡ್ಡಿಯಾದಂತೆ ಕಾಣಲಿಲ್ಲ. ಶ್ರೀಮಂತರು ಮೊದಲು ಮಾದರಿ ಮಾಡಿ ನೋಡುತ್ತಾರೆಂದು ಅವನು ಆಗಲೇ ತೀರ್ಮಾನಿಸಿಯಾಗಿತ್ತು.

ಅದೇ ಹೊತ್ತಿಗೆ ಓನರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಜೊತೆಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು.

"ಬನ್ನಿ ಡಾಕ್ಟರೇ, ಗಾಳಿ ಬೆಳಕು ಎಲ್ಲ ಚೆನ್ನಾಗಿದೆ. ನಲ್ಲಿ ಮಾತ್ರ..." ಎನ್ನುತ್ತಿದ್ದ ಓನರಮ್ಮನನ್ನು ದಾಟಿ ಆ ಡಾಕ್ಟರು ಮೇಜಿನ ಬಳಿ ಓಡಿದರು.

"ಇದು ನನ್ನ ಕ್ಲಿನಿಕ್ಕು!"

ಇನ್‌ಸ್ಪೆಕ್ಟರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ದನಿ ಕೇಳಿದೊಡನೆ ಗೊತ್ತಣ್ಣ ಬ್ರಷ್ಷನ್ನು ಬೆನ್ನ ಹಿಂದೆ ಬಚ್ಚಿಟ್ಟ. ಫೋನಿನ ದನಿ.

"ಬಸ್ಸಲ್ಲಿ ಕಳ್ಕೊಂಡಿದ್ದು ಇದೇ. ಈ ಊರಲ್ಲಿ ಹಲ್ಲಿನ ಆಸ್ಪತ್ರೆ ತೆರೀಬೇಕು ಅಂತ, ಹೇಗೆ ಹೇಗೆ ಇರಬೇಕು ಅಂತ ನಾನೇ ಕೂತು ಕಟ್ಟಿದ್ದು. ಇದು ಇಲ್ಲಿಗೆ ಹೇಗೆ ಬಂತು? ಅಯ್ಯೋ, ಈ ಹಲ್ಲನ್ನ ಯಾರು ತಲೆಕೆಳಗು ಮಾಡಿದ್ದು?"

"ಹಲ್ಲಾ?" ಅಂದ ಗೊತ್ತಣ್ಣ.

"ಬೋರ್ಡಿನ ಬದಲು ಚಾವಣಿ ಮೇಲೆ ದೊಡ್ಡ ಹಲ್ಲು! ಎರಡು ಬೇರು ಕೆಳಗೆ ಬರಬೇಕು."

"ಹಾಗಾದ್ರೆ ಆ ಮೂರು ಸ್ನಾನದ ತೊಟ್ಟಿ?" ಎಂದು ಕೇಳಿದ್ದು ಹೆಂಡತಿ.

"ತೊಟ್ಟಿ ಎಲ್ಲಿಂದ ಬಂತು? ಪೇಷಂಟು ಮಲಗೋ ಕುರ್ಚಿ. ಇದು ದೀಪ. ಇದು ಉಗುಳೋ ಬಟ್ಟಲು."

"ಅದನ್ನೇ ಇವರು ಸೋಪಿನ ಬಟ್ಟಲು ಅಂದ್ರು" ಎಂದು ತಮ್ಮ ಸಹಾಯಕ್ಕೆ ಬಂದ.

ಓನರಮ್ಮ ಎರಡೂ ಕೈ ಸೊಂಟಕ್ಕಿಟ್ಟುಕೊಂಡರು. "ಹಾಗಾದ್ರೆ ಬಂಗಲೆ ಇಲ್ವಾ? ಹಾಲಿನ ಸ್ನಾನ?"

ಗೊತ್ತಣ್ಣನಿಗೆ ಇನ್ನು ದಾರಿಯಿರಲಿಲ್ಲ. ಚಾವಣಿ ಹಿಡಿದು ಎತ್ತಿದಲ್ಲಿಂದ ಹಿಡಿದು ಹೆಬ್ಬೆರಳಿನವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟ. "ಬೇಕಾದ್ರೆ ದೂರು ಕೊಡಿ ಮೇಡಂ. ಬಸ್ ತೊಳೆಯೋದಕ್ಕೆ ಹೋಗ್ತೀನಿ" ಅಂದ.

ಡಾಕ್ಟರು ಬಾಯಿ ತೆರೆದರು. ಬೈಗುಳವೇ ಬರುತ್ತಿತ್ತೇನೋ. ಅಷ್ಟರಲ್ಲಿ ಅವರ ಕಣ್ಣು ಬಲಮೂಲೆಗೆ ಬಿತ್ತು.

"ಇದೇನು? ಈ ಕೋಣೆ ನಾನು ಕಟ್ಟಿರಲಿಲ್ಲ."

"ಹೆಬ್ಬೆರಳಿನ ಹಿಂದೆ ಇತ್ತಲ್ಲ ಮೇಡಂ?"

"ಅಲ್ಲಿ ಏನೂ ಇರಲಿಲ್ಲ. ಬರೀ ಗೋಡೆ. ಆ ತುಂಡುಗಳು ಜಾಸ್ತಿ ಆಗಿದ್ವು ಅಂತ ಪೆಟ್ಟಿಗೆ ತಳದಲ್ಲಿ ಹಾಕಿಟ್ಟಿದ್ದೆ." ಡಾಕ್ಟರು ಬಗ್ಗಿ ಕಿಟಕಿ ನೋಡಿದರು, ಹೂವಿನ ಕುಂಡ ನೋಡಿದರು, ಗೋಡೆಗುಂಟ ಇದ್ದ ಸಾಲು ಬೆಂಚು ನೋಡಿದರು. ಆಮೇಲೆ ನಿಧಾನವಾಗಿ ಅಂದರು: "ಕಾಯೋರು ಎಲ್ಲಿ ಕೂರ್ತಾರೆ ಅಂತ ನಾನು ಯೋಚನೇನೇ ಮಾಡಿರಲಿಲ್ಲ ಕಣ್ರೀ. ಮೂರು ಕುರ್ಚಿ ಹಾಕಿದ್ದೆ, ಮಿಕ್ಕ ಜನ ಬೀದೀಲಿ ನಿಲ್ಲಬೇಕಾಗಿತ್ತು." ಅಂದವರು ನಗಲು ಶುರುಮಾಡಿದರು. ನಗುತ್ತ ನಗುತ್ತ ತಲೆಕೆಳಗಾದ ಹಲ್ಲನ್ನು ಕಿತ್ತು ಕೈಗೆ ತೆಗೆದುಕೊಂಡರು. ಒಂದೇ ಎಳೆತಕ್ಕೆ ಬಂತು. ಕಸುಬಿನವರ ಕೈ.

ಆದರೆ ಮನೆಯ ಪ್ರಶ್ನೆ ಹಾಗೇ ನಿಂತಿತ್ತು. "ನಾನು ಡಾಕ್ಟರಿಗೆ ಮಾತು ಕೊಟ್ಟಾಗಿದೆ" ಎಂದು ಓನರಮ್ಮ ಪಟ್ಟು ಹಿಡಿದರು. ಆಗ ಹೆಂಡತಿ ಮುಂದೆ ಬಂದು ಡಾಕ್ಟರನ್ನು ಕೇಳಿದಳು: "ಹಲ್ಲುನೋವು ಅಂತ ದವಡೆ ಹಿಡ್ಕೊಂಡು ಬರೋರು ಈ ಮೆಟ್ಟಿಲು ಹತ್ತುತ್ತಾರಾ ಡಾಕ್ಟರೇ? ಓನರಮ್ಮ ಹತ್ತಿ ಬಂದು ಇಷ್ಟು ಹೊತ್ತಾಯ್ತು, ಇನ್ನೂ ಏದುಸಿರು ಬಿಡ್ತಿದ್ದಾರೆ ನೋಡಿ. ಕೆಳಗೆ ರಸ್ತೆಗೆ ಬಾಗಿಲಿರೋ ದೊಡ್ಡ ಹಾಲ್ ಇದೆ. ಪಕ್ಕದಲ್ಲೊಂದು ಕೋಣೇನೂ ಇದೆ. ಮುರಿದ ಮಂಚಗಳನ್ನ ಬಿಟ್ರೆ ಅಲ್ಲಿ ಯಾರೂ ಇಲ್ಲ."

ಎಲ್ಲರೂ ಓನರಮ್ಮನನ್ನು ನೋಡಿದರು. ಓನರಮ್ಮ ಮನಸ್ಸಿನಲ್ಲೇ ಮೇಲಿನ ಬಾಡಿಗೆಯನ್ನೂ ಕೆಳಗಿನ ಬಾಡಿಗೆಯನ್ನೂ ಕೂಡಿಸಿದರು. ಮುಖ ಅರಳಿತು. "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಅಂದರು.

ಹಲ್ಲಿನ ಆಸ್ಪತ್ರೆ ಕೆಳಗೆ ಶುರುವಾಯಿತು. ದೂರು ಹೋಗಲಿಲ್ಲ, ಶೆಡ್ಡಿಗೂ ಹೋಗಬೇಕಾಗಲಿಲ್ಲ. ಕಾಯುವ ಕೋಣೆಯ ಕಿಟಕಿಯ ಪಕ್ಕದ ಬೆಂಚಿನ ಮೇಲೆ ತಮ್ಮ ದಿನವೂ ಪೇಪರು ಹಿಡಿದು ಕೂರತೊಡಗಿದ. ಅದು ತನಗೆಂದೇ ಕಟ್ಟಿದ ಕೋಣೆಯೆಂಬುದು ಅವನ ವಾದ. ಒಂದು ದಿನ "ಮುಂದಿನವರು ಬನ್ನಿ" ಎಂದು ಡಾಕ್ಟರು ಕರೆದಾಗ ಮರ್ಯಾದೆಗೆ ಅಂಜಿ ಒಳಗೆ ಹೋದವನು, ಎರಡು ದವಡೆ ಹಲ್ಲು ಕಳೆದುಕೊಂಡು ಬಾಯಿ ತುಂಬ ಹತ್ತಿಯೊಂದಿಗೆ ಮೇಲೆ ಬಂದ. ಎರಡೂ ಹುಳುಕಾಗಿದ್ದವಂತೆ. ಆ ವಾರ ಮನೆಯಲ್ಲಿ ಬಹಳ ಶಾಂತಿಯಿತ್ತು.

ಬೀದಿಯವರು ಮಾತ್ರ ನಂಬಲಿಲ್ಲ. ಬಂಗಲೆ ಇಲ್ಲವೆಂದು ಗೊತ್ತಣ್ಣ ಆಣೆ ಮಾಡಿ ಹೇಳಿದಷ್ಟೂ, ಎಷ್ಟು ಗುಟ್ಟಾಗಿ ಇಟ್ಟಿದ್ದಾನೆ ನೋಡಿ ಎಂದು ಮೆಚ್ಚಿಕೊಂಡರು. ಹಾಲಿನವನು ಹಸು ಕೊಂಡೇಬಿಟ್ಟಿದ್ದ. ಕೊನೆಗೆ ಹೆಂಡತಿಯೇ ರೋಸಿಹೋಗಿ, ಕಿರಾಣಿ ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ ಹೇಳಿದಳು: "ಹೌದಪ್ಪ, ಕಟ್ಟಿದ್ವಿ. ಆ ಡಾಕ್ಟರು ನೋಡಿ ಇಷ್ಟಪಟ್ರು, ಕೊಟ್ಟುಬಿಟ್ವಿ." ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೀದಿಗೂ ಸಮಾಧಾನವಾಯಿತು.

ಮುಂದಿನ ಭಾನುವಾರವೇ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ. ಜೊತೆಯಲ್ಲಿ ಚಿನ್ನದ ಕಟ್ಟಿನ ಕನ್ನಡಕ ಹಾಕಿಕೊಂಡ ಒಬ್ಬ ಗೃಹಸ್ಥರು.

"ಅಮ್ಮ, ಸಾಹೇಬ್ರು ಇದ್ದಾರಾ? ಇವರಿಗೂ ಒಂದು ಮನೆ ಬೇಕಂತೆ. ಸಿಮೆಂಟಿಲ್ಲದ್ದು."

ಗೊತ್ತಣ್ಣ ಮಂಚದ ಕೆಳಗೆ ಯಾವುದೋ ಚಪ್ಪಲಿ ಹುಡುಕುತ್ತಿರುವವನಂತೆ ನುಸುಳಿಕೊಂಡ. ಹೆಂಡತಿ ಹೊಲಿಗೆಯಿಂದ ತಲೆಯೆತ್ತದೆ, ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು ಹೇಳಿದಳು:

"ಕಟ್ಟಿಕೊಡೋಣ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಮೊಣಕಾಲಿಗಿಂತ ಎತ್ತರ ಬೇಕು ಅಂದ್ರೆ ನಮ್ಮ ಕೈಲಿ ಆಗಲ್ಲ."

ಮೇಸ್ತ್ರಿ ಗೃಹಸ್ಥರ ಕಡೆ ತಿರುಗಿ ದನಿ ತಗ್ಗಿಸಿದ. "ನೋಡಿದ್ರಾ? ಇಷ್ಟು ದೊಡ್ಡವರಾಗಿ ಎಷ್ಟು ವಿನಯ! ನೀವು ಈಗಲೇ ಮಾತು ಮುಗಿಸಿಕೊಂಡುಬಿಡಿ, ತಡ ಮಾಡಿದ್ರೆ ಸಿಗಲ್ಲ."